ಹಾಜ್‌ಕಿನ್ ಲಿಂಫೋಮ: ಬಹುಔಷಧ ಕೀಮೋಥೆರಪಿಯ ಇತಿಹಾಸ

ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಈ ಕ್ಯಾನ್ಸರನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್‌ಕಿನ್ 1832ರಲ್ಲಿ ಮೊದಲಿಗೆ ವಿವರಿಸಿದ. ಒಂದೆರಡು ಗ್ರಂಥಿಗಳಿಗೆ ಸೀಮಿತವಾದ ರೋಗಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ವಿಕಿರಣ ಚಿಕಿತ್ಸೆ ಒದಗಿತು. ಮೈಯೆಲ್ಲ ಹರಡಿದ್ದರೆ ವೈದ್ಯರು ಕೈಚೆಲ್ಲುತ್ತಿದ್ದರು.

ಮೊದಲ ಔಷಧ ಬಂದದ್ದು ಯುದ್ಧದ ವಿಷಾನಿಲಗಳ ಸಂಶೋಧನೆಯಿಂದ. ಇಟಲಿಯ ಬಾರಿ ಬಂದರಿನಲ್ಲಿ 1943ರ ಡಿಸೆಂಬರಿನಲ್ಲಿ ಮಸ್ಟರ್ಡ್ ಅನಿಲ ಹೊತ್ತ ಹಡಗು ಸಿಡಿದದ್ದೇ ಕೀಮೋಥೆರಪಿಯ ಮೂಲ ಎಂಬ ಕಥೆ ಜನಪ್ರಿಯವಾಗಿದ್ದರೂ ಕಾಲಕ್ರಮಕ್ಕೆ ಹೊಂದುವುದಿಲ್ಲ. ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ತಂಡ ನೈಟ್ರೋಜನ್ ಮಸ್ಟರ್ಡನ್ನು ಲಿಂಫೋಮ ರೋಗಿಗೆ ಕೊಟ್ಟು ನೋಡಿದ್ದು 1942ರಲ್ಲೇ. ಯುದ್ಧದ ಗುಟ್ಟೆಂದು 1946ರವರೆಗೆ ಅದು ಪ್ರಕಟವಾಗಲಿಲ್ಲ. ಗಡ್ಡೆ ಕರಗುತ್ತಿತ್ತು, ಸ್ವಲ್ಪ ಕಾಲದಲ್ಲೇ ಮತ್ತೆ ಬೆಳೆಯುತ್ತಿತ್ತು. ನಮ್ಮ ಹಿತ್ತಲಲ್ಲೂ ಅರಳುವ ನಿತ್ಯಪುಷ್ಪದ ವಿನ್‌ಕ್ರಿಸ್ಟೀನ್ ಸೇರಿದಂತೆ ಮುಂದೆ ಬಂದ ಔಷಧಗಳನ್ನು ಒಂಟಿಯಾಗಿ ಕೊಟ್ಟಾಗಲೂ ರೋಗ ಬೇರುಸಹಿತ ಹೋಗಲಿಲ್ಲ.

ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಹಲವು ಔಷಧಗಳನ್ನು ಬೆರೆಸಿ ಫಲ ಕಂಡಿದ್ದ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡಿವಿಟಾ ಮತ್ತು ಸಂಗಡಿಗರು 1960ರ ದಶಕದಲ್ಲಿ ‘ಮಾಪ್’ ಕ್ರಮವನ್ನು ರೂಪಿಸಿದರು: ನೈಟ್ರೋಜನ್ ಮಸ್ಟರ್ಡ್, ವಿನ್‌ಕ್ರಿಸ್ಟೀನ್, ಪ್ರೊಕಾರ್ಬಜೀನ್, ಪ್ರೆಡ್ನಿಸೋನ್. ಇದರ ಜಾಣ್ಮೆ ಆಯ್ಕೆಯಲ್ಲಿದೆ. ನಾಲ್ಕೂ ಈ ರೋಗದ ಮೇಲೆ ಒಂಟಿಯಾಗಿಯೂ ಕೆಲಸ ಮಾಡುವಂಥವು, ಆದರೆ ಎಲ್ಲದರ ಪೆಟ್ಟೂ ಒಂದೇ ಅಂಗಕ್ಕೆ ಬೀಳದು. ಮಸ್ಟರ್ಡ್ ಅಸ್ಥಿಮಜ್ಜೆಯನ್ನು ಕುಗ್ಗಿಸಿದರೆ ವಿನ್‌ಕ್ರಿಸ್ಟೀನ್ ಕಾಡುವುದು ನರಗಳನ್ನು. ಹೀಗಾಗಿ ಪ್ರತಿಯೊಂದನ್ನೂ ಸಾಕಷ್ಟು ಪ್ರಮಾಣದಲ್ಲಿ ಕೊಡಬಹುದಿತ್ತು. ಮಜ್ಜೆ ಚೇತರಿಸಿಕೊಳ್ಳಲೆಂದು ಎರಡು ವಾರ ಔಷಧ, ಎರಡು ವಾರ ಬಿಡುವು. ಇಂಥ ಆರು ಸುತ್ತು. 1970ರಲ್ಲಿ ಪ್ರಕಟವಾದ ವರದಿಯಲ್ಲಿ, ರೋಗ ಮುಂದುವರಿದಿದ್ದ 43 ಜನರಲ್ಲಿ 35 ಮಂದಿಗೆ ಗಡ್ಡೆಗಳು ಪೂರ್ತಿ ಮಾಯವಾಗಿದ್ದವು. ಹೀಗೆ ಸಂಪೂರ್ಣ ಶಮನ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹತ್ತು ವರ್ಷ ಕಳೆದರೂ ರೋಗ ಮರುಕಳಿಸಲಿಲ್ಲವೆಂದು ಮುಂದಿನ ವರದಿಗಳು ತೋರಿಸಿದವು. ಹರಡಿದ ಕ್ಯಾನ್ಸರಿನ ವಿಷಯದಲ್ಲಿ ‘ಗುಣ’ ಎಂಬ ಮಾತಾಡಲು ವೈದ್ಯರಿಗೆ ಧೈರ್ಯ ಬಂದದ್ದು ಇಲ್ಲಿಂದ.

ಬೆಲೆಯೂ ಕಡಿಮೆಯಿರಲಿಲ್ಲ. ತಡೆಯಲಾಗದ ವಾಂತಿ, ಬಂಜೆತನ, ಗುಣವಾದ ಕೆಲ ವರ್ಷಕ್ಕೆ ಕೆಲವರಲ್ಲಿ ರಕ್ತಕ್ಯಾನ್ಸರು. ಮಿಲಾನಿನ ಜಾನಿ ಬೊನಡೋನಾ 1973ರ ಸುಮಾರಿಗೆ ‘ಎಬಿವಿಡಿ’ಯನ್ನು ಪ್ರಯೋಗಕ್ಕೆ ತಂದ. ಡಾಕ್ಸೊರುಬಿಸಿನ್, ಬ್ಲಿಯೊಮೈಸಿನ್, ವಿನ್‌ಬ್ಲಾಸ್ಟೀನ್, ಡಕಾರ್ಬಜೀನ್ ಸೇರಿದ ಈ ಕ್ರಮ ಮೊದಲಿಗೆ ಉದ್ದೇಶಿಸಿದ್ದು ಮಾಪ್‌ಗೆ ಬಗ್ಗದ ರೋಗಕ್ಕೂ ನಾಟುವಂತೆ. 1992ರಲ್ಲಿ ಹೊರಬಂದ ಅಮೆರಿಕದ ಹೋಲಿಕೆಯಲ್ಲಿ ಎಬಿವಿಡಿಯೇ ಮೇಲೆನಿಸಿತು, ಅಪಾಯವೂ ಕಡಿಮೆ. ಜರ್ಮನಿಯಲ್ಲಿ ‘ಬೀಕಾಪ್’ ಎಂಬ ಇನ್ನೂ ತೀವ್ರ ಕ್ರಮ ಬಳಕೆಗೆ ಬಂತು.

ಎಬಿವಿಡಿಯ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಕೇಡು. ಎರಡು ಸುತ್ತಿನ ನಂತರ ಪೆಟ್ ಸ್ಕ್ಯಾನ್ ಶುದ್ಧವಾಗಿದ್ದರೆ ಅದನ್ನು ಕೈಬಿಡಬಹುದೆಂದು 2016ರ ಅಧ್ಯಯನವೊಂದು ತೋರಿಸಿತು. ಈಚೆಗೆ ಅದರ ಜಾಗಕ್ಕೆ ಬ್ರೆಂಟಕ್ಸಿಮ್ಯಾಬ್, ನಿವೋಲುಮ್ಯಾಬ್‌ಗಳು ಬರುತ್ತಿವೆ.