ಫಾರ್ಮ್ಯಾಟ್‌ಗೂ ಮುನ್ನ: ಡೆಸ್ಕ್‌ಟಾಪ್ ದೋಷ ಹುಡುಕುವ ಕ್ರಮ

ನಂಜನಗೂಡು, ಟಿ. ನರಸೀಪುರದ ಕಡೆ ಕಂಪ್ಯೂಟರ್ ರಿಪೇರಿಗೆ ಬರುವುದು ಹೆಚ್ಚಾಗಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಗ್ರಾಮ ಒನ್ ಕೇಂದ್ರ, ಶಾಲೆಯ ಕಚೇರಿ, ತಾಂಡ್ಯ ಕೈಗಾರಿಕಾ ಪ್ರದೇಶದ ಆಫೀಸುಗಳ ಯಂತ್ರಗಳು. ಐಟಿಐನಲ್ಲಿ ಕೋಪಾ ಓದಿದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಇಳಿಯುತ್ತಾರೆ. ಮೈಸೂರು, ಬೆಂಗಳೂರಿನ ಸಪೋರ್ಟ್ ಹುದ್ದೆಯ ಮೇಲೆ ಕಣ್ಣಿಟ್ಟವರಿಗೆ ಕಾಂಪ್‌ಟಿಯಾ ಎ ಪ್ಲಸ್ ಪ್ರಮಾಣಪತ್ರ ಒಂದು ದಾರಿ. ಮೊದಲು ಏನು ಮಾಡಬೇಕು, ಆಮೇಲೆ ಏನು ಎಂಬ ಕ್ರಮವನ್ನು ಆ ಪರೀಕ್ಷೆ ಮತ್ತೆ ಮತ್ತೆ ಕೇಳುತ್ತದೆ. ಅಂಗಡಿಯಲ್ಲಿ ಗಿರಾಕಿಯ ಫೈಲುಗಳನ್ನು ಕಾಪಾಡುವುದೂ ಅದೇ ಕ್ರಮ.

ಪರೀಕ್ಷೆಯ ಚೌಕಟ್ಟು

ಎ ಪ್ಲಸ್‌ಗೆ ಎರಡು ಪತ್ರಿಕೆ. ಈಗಿನವು 2025ರ ಮಾರ್ಚ್‌ನಲ್ಲಿ ಬಂದ 220-1201 ಮತ್ತು 220-1202. ಹಳೆಯ 1101, 1102 ಅದೇ ವರ್ಷದ ಸೆಪ್ಟೆಂಬರ್‌ಗೆ ಮುಗಿದವು. ಆದ್ದರಿಂದ ಹಳೆಯ ಗೈಡ್ ಕೊಳ್ಳುವ ಮುನ್ನ ಸಂಖ್ಯೆ ನೋಡಿಕೊಳ್ಳಿ. ನಮ್ಮ ವಿಷಯ ಹೆಚ್ಚಾಗಿ ಎರಡನೆಯ ಪತ್ರಿಕೆಯದು. ಅದರಲ್ಲಿ ಆಪರೇಟಿಂಗ್ ಸಿಸ್ಟಂಗೆ ಶೇ. 28, ಭದ್ರತೆಗೆ ಶೇ. 28, ಸಾಫ್ಟ್‌ವೇರ್ ದೋಷ ನಿವಾರಣೆಗೆ ಶೇ. 23, ಕಾರ್ಯವಿಧಾನಕ್ಕೆ ಶೇ. 21 ಪಾಲಿದೆ. 90 ನಿಮಿಷದಲ್ಲಿ ಗರಿಷ್ಠ 90 ಪ್ರಶ್ನೆ. 900ರವರೆಗಿನ ಅಳತೆಯಲ್ಲಿ 700 ಬಂದರೆ ಪಾಸು.

ಆರು ಹೆಜ್ಜೆ

ಸಮಸ್ಯೆ ಏನೆಂದು ಕೇಳಿ ತಿಳಿಯುವುದು, ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಯೋಜನೆ ಮಾಡಿ ಸರಿಪಡಿಸುವುದು, ಎಲ್ಲವೂ ನಡೆಯುತ್ತಿದೆಯೇ ಎಂದು ನೋಡುವುದು, ಬರೆದಿಡುವುದು: ಇದು ಕಾಂಪ್‌ಟಿಯಾ ಹೇಳುವ ಕ್ರಮ. ಅವಸರದಲ್ಲಿ ಬಿಟ್ಟುಹೋಗುವುದು ಮೊದಲನೆಯದು ಮತ್ತು ಐದನೆಯದು. ‘ನಿನ್ನೆಯವರೆಗೆ ಸರಿ ಇತ್ತಾ? ಆಮೇಲೆ ಏನಾದರೂ ಹಾಕಿದಿರಾ? ಕರೆಂಟ್ ಹೋಗಿತ್ತಾ?’ ಎಂಬ ಮೂರು ಪ್ರಶ್ನೆ ಕೇಳದೆ ಸ್ಕ್ರೂಡ್ರೈವರ್ ಹಿಡಿಯಬಾರದು.

ದಿನಾಂಕ ಹಿಂದೆ ಹೋದ ಯಂತ್ರ

ಬೆಳಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದರೆ ಸೇವಾಸಿಂಧು ತೆರೆಯುವುದಿಲ್ಲ, ಬ್ಯಾಂಕಿನ ತಾಣವೂ ಇಲ್ಲ. ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ. ಪಕ್ಕದ ಮೊಬೈಲಿನಲ್ಲಿ ಅದೇ ವೈಫೈಗೆ ಎಲ್ಲವೂ ಸರಾಗ. ಬ್ರೌಸರ್ ತೆಗೆದು ಮತ್ತೆ ಹಾಕುವವರು, ವೈರಸ್ ಎಂದುಕೊಂಡು ಫಾರ್ಮ್ಯಾಟ್ ಹೊಡೆಯುವವರು ಇದ್ದಾರೆ. ಪರದೆಯ ಬಲ ಮೂಲೆಯ ದಿನಾಂಕ ನೋಡಿದರೆ ಸಾಕು: ಎಷ್ಟೋ ವರ್ಷ ಹಿಂದಿನದು ಇರುತ್ತದೆ.

ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ 3 ವೋಲ್ಟ್‌ನ ಗುಂಡಗಿನ ಸೆಲ್ ಇದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಅಂಗಡಿಯಲ್ಲಿ ಸೆಲ್ ಸತ್ತರೆ ಬೆಳಗ್ಗೆಗೆ ದಿನಾಂಕ ಹಿಂದಕ್ಕೆ ಓಡಿರುತ್ತದೆ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಇದೆ, ಕೊನೆಯ ದಿನವೂ ಇದೆ. ಗಡಿಯಾರ ಹಳೆಯ ವರ್ಷ ತೋರಿಸಿದರೆ ಬ್ರೌಸರ್‌ನ ಲೆಕ್ಕದಲ್ಲಿ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲ.

ಇಂಟರ್ನೆಟ್ ಇದ್ದೂ ಸಮಯ ತಾನಾಗಿ ಸರಿಹೋಗಲಿಲ್ಲವೇಕೆ? ಮನೆ, ಅಂಗಡಿಯ ವಿಂಡೋಸ್‌ನಲ್ಲಿ ಟೈಮ್ ಸರ್ವಿಸ್ ಸಾಮಾನ್ಯವಾಗಿ 15 ಗಂಟೆಗಿಂತ ಹೆಚ್ಚಿನ ವ್ಯತ್ಯಾಸವನ್ನು ತಾನೇ ತಿದ್ದುವುದಿಲ್ಲ. ದಿನಾಂಕವನ್ನು ಕೈಯಿಂದ ಹಾಕಿ, ಆಮೇಲೆ ಸಿಂಕ್ ಒತ್ತಬೇಕು. ಸೆಲ್ ಬದಲಿಸದಿದ್ದರೆ ಮರುದಿನ ಮತ್ತೆ ಅದೇ ಪಾಡು.

ಬೂಟ್ ಆಗದಿದ್ದರೆ

ಇದೇ ಸೆಲ್ ಹೋದಾಗ ಕೆಲವು ಯಂತ್ರಗಳಲ್ಲಿ ಬಯಾಸ್‌ನ ಆಯ್ಕೆಗಳೂ ಮೊದಲಿನ ಸ್ಥಿತಿಗೆ ಮರಳುತ್ತವೆ. ಬೂಟ್ ಕ್ರಮ ತಪ್ಪಿದರೆ ‘ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ’ ಎನ್ನುತ್ತದೆ. ಸಾಟಾ ವಿಧಾನ ಎಎಚ್‌ಸಿಐಯಿಂದ ಬೇರೆಯದಕ್ಕೆ ಬದಲಾದರೆ ವಿಂಡೋಸ್ ತನ್ನ ಡಿಸ್ಕನ್ನೇ ಕಾಣದೆ ನೀಲಿ ಪರದೆ ತೋರಿಸುತ್ತದೆ. ಅದರ ಸ್ಟಾಪ್ ಕೋಡ್ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’. ವಿಂಡೋಸ್ ಕೆಟ್ಟಿಲ್ಲ, ಬಯಾಸ್‌ನಲ್ಲಿ ಒಂದು ಆಯ್ಕೆ ಹಿಂದಿನಂತೆ ಮಾಡಿದರೆ ಎದ್ದು ಕೂರುತ್ತದೆ. ನೀಲಿ ಪರದೆಯ ಫೋಟೊ ತೆಗೆಯುವ ಅಭ್ಯಾಸ ಬೆಳೆಸಿಕೊಳ್ಳಬೇಕು.

ಬಯಾಸ್ ಮುಟ್ಟುವ ಮುನ್ನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ಎಂದು ಕೇಳಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗಬಹುದು. ಅದಿಲ್ಲದೆ ಒಳಗಿನ ಫೈಲು ಯಾರ ಕೈಗೂ ಸಿಗದು.

ಕರೆಂಟ್ ಹೋದ ಮೇಲೆ ಕೆಟ್ಟ ಯಂತ್ರಕ್ಕೆ ಸ್ಟಾರ್ಟಪ್ ರಿಪೇರ್, ಆಮೇಲೆ ವಿಂಡೋಸ್ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್. ಎಸ್‌ಎಫ್‌ಸಿ ಸೋತರೆ ಡಿಐಎಸ್‌ಎಂನಿಂದ ಆ ಫೈಲುಗಳ ಮೂಲ ಸಂಗ್ರಹ ಸರಿಪಡಿಸಿ ಮತ್ತೆ ಎಸ್‌ಎಫ್‌ಸಿ ಓಡಿಸಬೇಕು. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಚೆಕ್‌ಡಿಸ್ಕ್ ಹಚ್ಚಬೇಡಿ, ಮೊದಲು ಫೈಲು ನಕಲು ಮಾಡಿ. ಸಾಯುತ್ತಿರುವ ಡಿಸ್ಕಿಗೆ ಆ ದುಡಿಮೆಯೇ ಕೊನೆಯದಾದೀತು.

ನಿಧಾನ

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ ಶೇ. 100 ತೋರಿಸಿದರೆ ಸ್ಟಾರ್ಟಪ್ ಪಟ್ಟಿ ಕಡಿಮೆ ಮಾಡಿ. ಹಳೆಯ ಹಾರ್ಡ್‌ಡಿಸ್ಕ್ ಆದರೆ ಎಸ್‌ಎಸ್‌ಡಿ ಹಾಕಿಸಿ. ಜೊತೆಗೆ ವಿಂಡೋಸ್ ಆವೃತ್ತಿಯನ್ನೂ ನೋಡಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು.

ಕನ್ನಡ ಕೆಟ್ಟರೆ

ಇದು ಎ ಪ್ಲಸ್ ಪಠ್ಯಕ್ರಮದಲ್ಲಿಲ್ಲ, ನಮ್ಮ ಕೆಲಸದಲ್ಲಿ ನಿತ್ಯದ್ದು. ವಿಂಡೋಸ್ ಮತ್ತೆ ಹಾಕಿಸಿಕೊಂಡು ಯಂತ್ರ ಒಯ್ದ ಡಿಟಿಪಿಯವರು ಸಂಜೆಗೆ ವಾಪಸ್: ‘ಹಳೇ ಫೈಲೆಲ್ಲಾ ಇಂಗ್ಲಿಷ್ ಆಗೋಗಿದೆ ಸಾರ್.’ ಫೈಲು ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕ’ ಇರಬೇಕಾದಲ್ಲಿ ‘ಪಿ’ ಅಕ್ಷರ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’ ಕಾಣುತ್ತದೆ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ವಾಟ್ಸ್‌ಆ್ಯಪ್‌ಗೋ ಜಾಲತಾಣದ ಅರ್ಜಿಗೋ ಅದೇ ಪಠ್ಯ ಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ ತಿದ್ದಬೇಕು.

ಐದನೆಯ ಹೆಜ್ಜೆಗೆ ಇಲ್ಲಿ ನಿಜವಾದ ಅರ್ಥವಿದೆ. ಗಿರಾಕಿಯನ್ನು ಕೂರಿಸಿಕೊಂಡು ಅವರದೇ ಹಳೆಯ ಕನ್ನಡ ಫೈಲು ತೆರೆಸಿ, ಒಂದು ಪುಟ ಪ್ರಿಂಟ್ ತೆಗೆಸಿ, ಅವರು ದಿನಾ ಬಳಸುವ ತಾಣಕ್ಕೆ ಲಾಗಿನ್ ಮಾಡಿಸಿ. ಬಳಿಕ ನೋಟ್‌ಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ಯಂತ್ರದ ಮಾದರಿ, ದೂರು, ಸ್ಟಾಪ್ ಕೋಡ್, ಬಯಾಸ್‌ನಲ್ಲಿದ್ದ ಸಾಟಾ ವಿಧಾನ, ಸೆಲ್ ಬದಲಿಸಿದ್ದು, ಹಾಕಿದ ಫಾಂಟುಗಳು.