ಪಾಪವೆಲ್ಲ ಅಪರಾಧವೇ?

1998ರ ಸೆಪ್ಟೆಂಬರ್ 17ರ ರಾತ್ರಿ, ಒಬ್ಬ ಬಂದೂಕು ಹಿಡಿದು ಗಲಾಟೆ ಮಾಡುತ್ತಿದ್ದಾನೆಂಬ ಸುಳ್ಳು ದೂರಿನ ಮೇಲೆ ಹ್ಯೂಸ್ಟನ್ ಹೊರವಲಯದ ಅಪಾರ್ಟ್‌ಮೆಂಟೊಂದಕ್ಕೆ ಪೊಲೀಸರು ಬಂದರು. ಬಂದೂಕು ಸಿಗಲಿಲ್ಲ. ಜಾನ್ ಲಾರೆನ್ಸ್ ಮತ್ತು ಟೈರನ್ ಗಾರ್ನರ್ ಎಂಬಿಬ್ಬರನ್ನು ಸಲಿಂಗ ಸಂಬಂಧ ನಿಷೇಧದ ಕಲಮಿನಡಿ ಬಂಧಿಸಿದರು; ಕೊನೆಗೆ ತಲಾ 200 ಡಾಲರ್ ದಂಡ ಬಿತ್ತು. 2003ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದುಪಡಿಸಿತು.

ಈ ತೀರ್ಪನ್ನು ಸೆಕ್ಯುಲರ್ ಚಿಂತನೆ ಕ್ರೈಸ್ತ ನೀತಿಯ ಮೇಲೆ ಸಾಧಿಸಿದ ಗೆಲುವೆಂದು ಎರಡೂ ಪಕ್ಷದವರು ಹೇಳುವುದುಂಟು. ಆದರೆ ಅದರ ಬೇರು ಹಿಡಿದು ಹೋದರೆ ಚರ್ಚಿನ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ಕಾಮವನ್ನು ಆದಿ ಚರ್ಚಿನ ಸಂತ ಆಗಸ್ಟಿನ್ ಶಂಕೆಯಿಂದ ನೋಡಿದ್ದು ನಿಜ. ಆ ಶಂಕೆ ಶತಮಾನಗಳ ಕಾಲ ಉಳಿಯಿತು. ಆದರೂ 12ನೇ ಶತಮಾನದ ಚರ್ಚಿನ ಕಾನೂನು ಪಂಡಿತರು ಮದುವೆ ಆಗುವುದು ವಧೂವರರ ಸಮ್ಮತಿಯಿಂದಲೇ ಎಂದು ವಾದಿಸಿ, ಹಿರಿಯರು ಮಾಡುವ ನಿಶ್ಚಯಕ್ಕಿಂತ ಅದನ್ನು ಮೇಲಿಟ್ಟರು. 13ನೇ ಶತಮಾನದಲ್ಲಿ ಥಾಮಸ್ ಅಕ್ವೈನಾಸ್, ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ತಡೆಯಲು ಹೋಗಬಾರದು, ಪರರಿಗೆ ಕೇಡುಂಟುಮಾಡುವಂಥ ಘೋರ ಕೃತ್ಯಗಳನ್ನು ತಡೆದರೆ ಸಾಕು ಎಂದ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಆಡಿದ ಮಾತು ಇದಕ್ಕಿಂತ ತೀರಾ ದೂರದ್ದಲ್ಲ.

ಬ್ರಿಟನ್ನಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಚರ್ಚೆಗೆ ಚರ್ಚ್ ಆಫ್ ಇಂಗ್ಲೆಂಡಿನ ಒಂದು ಸಮಿತಿ 1954ರಲ್ಲೇ ದನಿಗೂಡಿಸಿತ್ತು. 1957ರಲ್ಲಿ ಸರ್ಕಾರಿ ಸಮಿತಿಯೊಂದರ ವುಲ್ಫೆಂಡನ್ ವರದಿ ಪಾಪವನ್ನು ಅಪರಾಧದಿಂದ ಬೇರ್ಪಡಿಸಿದಾಗ ಆರ್ಚ್‌ಬಿಷಪ್ ಜೆಫ್ರಿ ಫಿಶರ್ ಅದನ್ನು ಬೆಂಬಲಿಸಿದರು. ಅವರ ಕಣ್ಣಿಗೆ ಅದು ಪಾಪವಾಗಿಯೇ ಉಳಿಯಿತು. ಅದಕ್ಕೆ ಪೊಲೀಸರು ಬೇಡವೆಂದಷ್ಟೇ ಅವರ ನಿಲುವು. ಹ್ಯೂಸ್ಟನ್ ಪ್ರಕರಣದ ತೀರ್ಪು ಬರೆದ ನ್ಯಾಯಮೂರ್ತಿ ಆಂಥನಿ ಕೆನಡಿ ಆ ವರದಿಯನ್ನು ಉಲ್ಲೇಖಿಸಿದರು. ಅವರ ತೀರ್ಪನ್ನು 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಮಿನ ವಿಚಾರದಲ್ಲಿ ಉಲ್ಲೇಖಿಸಿತು.

ಟೆಕ್ಸಸ್‌ನೊಳಗಿನ ಕಥೆಯೂ ಹೀಗೆಯೇ ಹೆಣೆದುಕೊಂಡಿದೆ. ಗರ್ಭಪಾತದ ಹಕ್ಕು ಕೇಳಿ 1970ರಲ್ಲಿ ಡಲ್ಲಾಸ್‌ನಲ್ಲಿ ದಾವೆ ಹೂಡಿದ ವಕೀಲೆ ಸಾರಾ ವೆಡ್ಡಿಂಗ್ಟನ್ ಮೆಥಡಿಸ್ಟ್ ಪಾದ್ರಿಯ ಮಗಳು. ಆಕೆಯೂ ಜೊತೆಗಾತಿ ಲಿಂಡಾ ಕಾಫಿಯೂ ಕಾನೂನು ಓದಿದ್ದು ಆಸ್ಟಿನ್‌ನಲ್ಲಿ. ಮರುವರ್ಷ ಸದರ್ನ್ ಬ್ಯಾಪ್ಟಿಸ್ಟ್ ಮಹಾಸಭೆ, ಅತ್ಯಾಚಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಧಕ್ಕೆ, ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ಗೊತ್ತುವಳಿ ಮಾಡಿತು. ಆ ದಾವೆಯಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ 1973ರ ತೀರ್ಪನ್ನು ಡಲ್ಲಾಸ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಡಬ್ಲ್ಯು. ಎ. ಕ್ರಿಸ್ವೆಲ್ ಅವರಂಥ ಸಂಪ್ರದಾಯಸ್ಥರೂ ಮೊದಲು ಒಪ್ಪಿದ್ದರೆಂಬುದನ್ನು ಇಂದಿನ ತಲೆಮಾರು ನಂಬಲಾರದು. ಗಾಳಿ ತಿರುಗಿದ್ದು 1979ರಲ್ಲಿ. ಆ ವರ್ಷ ಹ್ಯೂಸ್ಟನ್‌ನಲ್ಲಿ ನಡೆದ ಮಹಾಸಭೆಯಲ್ಲಿ ಸಂಪ್ರದಾಯವಾದಿ ಬಣ ಅಧ್ಯಕ್ಷ ಸ್ಥಾನ ಗೆದ್ದಿತು; ಮುಂದಿನ ವರ್ಷಗಳಲ್ಲಿ ಗರ್ಭಪಾತ ವಿರೋಧ, ಮದುವೆಗೆ ಮುಂಚಿನ ಸಂಯಮ, ಗಂಡಸಿನ ಯಜಮಾನಿಕೆ ಮೂರೂ ಒಂದೇ ಬೋಧನೆಯ ಭಾಗಗಳಾದವು.

ಸೆಕ್ಯುಲರ್ ನೀತಿ ಈ ಹೊತ್ತಿಗೆ ಸಮ್ಮತಿಯನ್ನೇ ಒರೆಗಲ್ಲಾಗಿ ಮಾಡಿಕೊಂಡಿತ್ತು. ಇದಕ್ಕೆ ಗಟ್ಟಿಯಾದ ತಕರಾರು ಎತ್ತಿದವರು ಡಲ್ಲಾಸ್‌ನಲ್ಲಿ ಇಟ್ಟಿಗೆ ಕೆಲಸದವರ ಮಗನಾಗಿ ಹುಟ್ಟಿದ ದೇವಶಾಸ್ತ್ರಜ್ಞ ಸ್ಟ್ಯಾನ್ಲಿ ಹಾವರ್‌ವಾಸ್. ಕಾಮ ಇಬ್ಬರ ಖಾಸಗಿ ಒಪ್ಪಂದವಲ್ಲ, ಎಂಥ ಸಮುದಾಯವಾಗಿ ಬಾಳಬೇಕೆಂಬ ಪ್ರಶ್ನೆಯೇ ಅದರಲ್ಲಿದೆ ಎಂದು 1981ರ ‘ಎ ಕಮ್ಯುನಿಟಿ ಆಫ್ ಕ್ಯಾರೆಕ್ಟರ್’ ಪುಸ್ತಕದಲ್ಲಿ ಅವರು ವಾದಿಸಿದರು. 2021ರಲ್ಲಿ ಸ್ತ್ರೀವಾದಿ ದಾರ್ಶನಿಕೆ ಅಮಿಯಾ ಶ್ರೀನಿವಾಸನ್, ಬೇರೊಂದು ದಾರಿಯಿಂದ ಬಂದು, ಸಮ್ಮತಿಯೊಂದೇ ಎಲ್ಲವನ್ನೂ ಅಳೆಯಲಾರದು ಎಂದರು. ಈ ಟೀಕೆ ಸರಿಯೆಂದೇ ನನ್ನ ನಂಬಿಕೆ. ಆದರೆ ಸಮ್ಮತಿ ಸಾಲದು ಎನ್ನುವ ಹಕ್ಕು ಇರುವುದು ಸಮ್ಮತಿಯನ್ನು ಮೊದಲು ಕಾಯ್ದವರಿಗೆ ಮಾತ್ರ.

ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳು ಎಡವಿದ್ದು ಅಲ್ಲೇ. 2019ರ ಫೆಬ್ರುವರಿಯಲ್ಲಿ ‘ಹ್ಯೂಸ್ಟನ್ ಕ್ರಾನಿಕಲ್’ ಮತ್ತು ‘ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್-ನ್ಯೂಸ್’ ಪತ್ರಿಕೆಗಳು, 20 ವರ್ಷಗಳಲ್ಲಿ ಸುಮಾರು 380 ಪಾದ್ರಿಗಳು ಮತ್ತು ಸ್ವಯಂಸೇವಕರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪವಿತ್ತೆಂದೂ ಸಂತ್ರಸ್ತರು 700ಕ್ಕೂ ಹೆಚ್ಚೆಂದೂ ಪ್ರಕಟಿಸಿದವು. ಹಲವರು ಆಗ ಮಕ್ಕಳಾಗಿದ್ದವರು. ಅವರ ಪರವಾಗಿ ಮೊದಲು ನಿಂತವರಲ್ಲಿ ಅದೇ ಚರ್ಚುಗಳ ಹೆಣ್ಣುಮಕ್ಕಳಿದ್ದರು. ಅವರಾಡಿದ್ದು ಬೈಬಲ್ಲಿನ ಭಾಷೆಯನ್ನೇ. ಸೆಕ್ಯುಲರ್ ಕಾನೂನಿನ ನೆರವನ್ನೂ ಅವರು ದೂರವಿಡಲಿಲ್ಲ. ಈ ಅರ್ಧ ಶತಮಾನದ ಅತಿ ಮುಖ್ಯ ನೈತಿಕ ಚಿಂತನೆ ನಡೆದದ್ದು ಅವರ ನಡುವೆ ಎಂದೇ ನಾನು ಎಣಿಸುತ್ತೇನೆ.

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ, ಡಲ್ಲಾಸ್-ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಾದ ತಲುಪುವುದು ಶಾಲೆಯ ಮೂಲಕ. 1995ರಿಂದ ಟೆಕ್ಸಸ್ ಪಾಠಗಳಲ್ಲಿ ಸಂಯಮಕ್ಕೇ ಒತ್ತು. 2021ರ ಶಾಸನ ಲೈಂಗಿಕ ಶಿಕ್ಷಣಕ್ಕೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕೆಂದಿತು. ಸಹಿ ಮಾಡದಿದ್ದರೆ ಮಗುವಿಗೆ ಪಾಠವಿಲ್ಲ. ಹಿಂದೂ ಮನೆಯ ಅಪ್ಪ ಅಮ್ಮ ಬ್ಯಾಪ್ಟಿಸ್ಟರೂ ಅಲ್ಲ, ಮಿಲ್‌ನ ಶಿಷ್ಯರೂ ಅಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನೇ ಬೇಡವೆಂದ ಕರ್ನಾಟಕದಿಂದ ಬಂದವರಲ್ಲಿ ಅನೇಕರಿಗೆ ಮನೆಯಲ್ಲಿ ಈ ವಿಷಯ ಎತ್ತಿ ಅಭ್ಯಾಸವೇ ಇಲ್ಲ. ಸಹಿ ಹಾಕದೆ ಬಿಟ್ಟರೆ ಶಾಲೆಯೂ ಹೇಳುವುದಿಲ್ಲ, ಮನೆಯೂ ಹೇಳುವುದಿಲ್ಲ; ಉಳಿಯುವುದು ಮಗುವಿನ ಕೈಯ ಫೋನ್. ಆ ಕಾಗದಕ್ಕೆ ಸಹಿ ಹಾಕಬೇಕು. ಬೇಡವೆನ್ನುವವರು ಅದೇ ವಾರ ಮಗುವಿನ ಜೊತೆ ತಾವೇ ಕೂತು ಮಾತಾಡಬೇಕು.