ನೃತ್ಯ ವಿಮರ್ಶೆ

ರಂಗದ ಮೇಲಿನ ನೃತ್ಯವನ್ನು ನೋಡಿ, ವರ್ಣಿಸಿ, ಅರ್ಥೈಸಿ, ಬೆಲೆಕಟ್ಟುವ ಬರವಣಿಗೆ. ಕುಣಿತ ಮುಗಿದೊಡನೆ ಮರೆಯಾಗುವ ಕಲೆಯಾದ್ದರಿಂದ ಎಷ್ಟೋ ಸಲ ವಿಮರ್ಶೆಯೇ ಉಳಿಯುವ ದಾಖಲೆ. 1927ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸೇರಿದ ನೃತ್ಯ ವಿಮರ್ಶಕ ಜಾನ್ ಮಾರ್ಟಿನ್, ಮಾರ್ಥಾ ಗ್ರಹಾಂ ಮೊದಲಾದವರ ಆಧುನಿಕ ನೃತ್ಯವನ್ನು ನೋಡುವ ಬಗೆಯನ್ನು ಓದುಗರಿಗೆ ಕಲಿಸಿದರು. 1957ರಲ್ಲಿ ನೃತ್ಯ ಸಂಯೋಜಕ ಪಾಲ್ ಟೇಲರ್ ನ್ಯೂಯಾರ್ಕ್ ನಗರದಲ್ಲಿ ‘ಸೆವೆನ್ ನ್ಯೂ ಡಾನ್ಸಸ್’ ಪ್ರದರ್ಶಿಸಿದರು. ಒಂದು ಭಾಗದಲ್ಲಿ ಕಲಾವಿದರಿಬ್ಬರೂ ಅಲುಗಾಡಲೇ ಇಲ್ಲ. ಎಷ್ಟೋ ಪ್ರೇಕ್ಷಕರು ಎದ್ದು ಹೋದರು. ‘ಡಾನ್ಸ್ ಅಬ್ಸರ್ವರ್’ ಪತ್ರಿಕೆಯಲ್ಲಿ ಲೂಯಿ ಹಾರ್ಸ್ಟ್ ಬರೆದ ವಿಮರ್ಶೆಯಲ್ಲಿದ್ದದ್ದು ಬರೀ ಖಾಲಿ ಜಾಗ, ಕೆಳಗೆ ಸಹಿಯ ಎರಡು ಅಕ್ಷರ. ಖಂಡನೆಯೇನೋ ತೀಕ್ಷ್ಣ, ಆದರೆ ಆ ನಿಶ್ಚಲತೆ ಏನನ್ನು ಹುಡುಕುತ್ತಿತ್ತೆಂಬ ವಿವರಣೆ ಓದುಗರಿಗೆ ದಕ್ಕಲಿಲ್ಲ. ಅಂಥ ವಿವರಣೆ ಕೊಡುವುದೇ ವಿಮರ್ಶಕನ ಮೊದಲ ಕರ್ತವ್ಯ. ಖಾಲಿ ವಿಮರ್ಶೆಗೆ ಗುರಿಯಾಗಿದ್ದ ಅದೇ ಟೇಲರ್ 1975ರಲ್ಲಿ ನಡಿಗೆ, ಓಟಗಳಂಥ ನಿತ್ಯದ ಚಲನೆಗಳಿಂದಲೇ ‘ಎಸ್ಪ್ಲನೇಡ್’ ಕಟ್ಟಿದರು. ಅದು ಅವರ ಅತ್ಯಂತ ಹೆಸರಾದ ಕೃತಿಗಳಲ್ಲೊಂದು.